ಲಿಫ್ಟ್ ಡಾಕ್ಟರ ಉಳುಕಿದ ಕಾಲು

ತೊಂದರೆ ಶುರುವಾದದ್ದು ಲಿಫ್ಟಿನಲ್ಲಿ, ಅದೂ ಬೆಳಗಿನ ಹೊತ್ತು, ಇಡೀ ಕಟ್ಟಡವೇ ಕೆಲಸಕ್ಕೆ ಹೊರಟು ಒಬ್ಬರ ಕಾಲು ಇನ್ನೊಬ್ಬರು ತುಳಿಯುತ್ತ ನಿಂತಿದ್ದಾಗ. ಅಪ್ಪನ ಪಕ್ಕ ನಿಂತಿದ್ದ ಎರಡನೇ ಕ್ಲಾಸಿನ ಮಗಳು ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಸಾರಿಬಿಟ್ಟಳು.

“ನಾಳೆ ನಾವು ಥೀಮ್ ಪಾರ್ಕಿಗೆ ಹೋಗ್ತೀವಿ. ಅಲ್ಲಿ ಒಂದು ದೊಡ್ಡ ಟವರ್ ಇದೆ. ಮೇಲೆ ತನಕ ಕರ್ಕೊಂಡ್ ಹೋಗಿ ಧೊಪ್ ಅಂತ ಬಿಟ್ಟುಬಿಡ್ತಾರೆ. ನಾನು ನಮ್ಮಪ್ಪ ಕೂತ್ಕೋತೀವಿ. ನನಗೇನೂ ಭಯ ಇಲ್ಲ. ನಮ್ಮಪ್ಪ ಲಿಫ್ಟ್ ಡಾಕ್ಟರ್ ಅಲ್ವಾ, ಅವರು ಕೂತಿದ್ರೆ ಅದಕ್ಕೆ ಏನೂ ಆಗಲ್ಲ!”

ಎಲ್ಲರೂ ಮೆಚ್ಚುಗೆಯಿಂದ ಅಪ್ಪನ ಕಡೆ ತಿರುಗಿದರು. ಅಪ್ಪ ನಕ್ಕ. ಆದರೆ ನಗು ತುಟಿಯಿಂದ ಒಳಗೆ ಇಳಿಯಲಿಲ್ಲ. ಲಿಫ್ಟು ಇನ್ನೂ ಮೂರನೇ ಮಹಡಿಯಲ್ಲಿತ್ತು, ಅವನ ಹೊಟ್ಟೆ ಆಗಲೇ ನೆಲಮಹಡಿ ಮುಟ್ಟಿತ್ತು.

ಅವನು ಲಿಫ್ಟ್ ರಿಪೇರಿ ಮಾಡುವವನು. ಕಟ್ಟಡದವರು ಪ್ರೀತಿಯಿಂದ ಲಿಫ್ಟ್ ಡಾಕ್ಟರ್ ಎಂದು ಕರೆದರೆ, ಅವನು ಬೇಡವೆನ್ನದೆ ಹೂಂಗುಟ್ಟುತ್ತಿದ್ದ. ಎತ್ತರಕ್ಕೆ ಹೆದರುವ ಜಾತಿಯವನಲ್ಲ. ಎಷ್ಟು ಮಹಡಿ ಮೇಲಿದ್ದರೂ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಸಿಳ್ಳೆ ಹಾಕಿಕೊಂಡು ಕಂಬಿಗಳಿಗೆ ಗ್ರೀಸ್ ಹಚ್ಚಬಲ್ಲ. ಅವನು ಹೆದರುತ್ತಿದ್ದದ್ದು ಬೀಳುವುದಕ್ಕೆ. ತಂತಿ ಹಗ್ಗ, ಬ್ರೇಕು, ಅದು ಕೈಕೊಟ್ಟರೆ ಹಿಡಿಯಲು ಇನ್ನೊಂದು ಬ್ರೇಕು, ಎಲ್ಲವೂ ಇರುವುದು ಲಿಫ್ಟು ಬೀಳದಿರಲಿ ಎಂದು. ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದೂ ಅದರಿಂದಲೇ. ಈಗ ಯಾರೋ ಪುಣ್ಯಾತ್ಮರು ಬೇಕೆಂತಲೇ ಬೀಳುವ ಲಿಫ್ಟ್ ಕಟ್ಟಿ, ಗೋಡೆ ತೆಗೆದು, ನೆಲವನ್ನೂ ತೆಗೆದು, ಬರೀ ಕುರ್ಚಿ ಉಳಿಸಿ, ಬನ್ನಿ ಕೂತುಕೊಳ್ಳಿ ಎಂದು ಕರೆಯುತ್ತಿದ್ದರು.

ಈ ಭಯ ಹೆಂಡತಿಗೂ ಗೊತ್ತಿರಲಿಲ್ಲ. ಹೇಳಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ಮದುವೆಯಾದ ಮೇಲೆ ಎಲ್ಲರೂ ಸೇರಿ ಹೊರಟ ಮೊದಲ ಪ್ರವಾಸ ಇದು. ಹೆಂಡತಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಏರ್ಪಾಟು ಮಾಡಿದ್ದಳು. ಮಕ್ಕಳಿಗೆ ಟೋಪಿ, ಒದ್ದೆಯಾದರೆ ಬದಲಿಸಲು ಬಟ್ಟೆ, ಬಸ್ಸಿನಲ್ಲಿ ವಾಂತಿ ಬಂದರೆ ಕವರು, ಆ ಕವರು ತೂತಾದರೆ ಇನ್ನೊಂದು ಕವರು. ಇದರಲ್ಲಿ ಗಂಡನ ಭಯಕ್ಕೆಂದು ಯಾವ ಕವರೂ ಇರಲಿಲ್ಲ.

ಕೆಲಸದ ಜಾಗದಲ್ಲಿ ಅವನ ಕೈ ಓಡಲಿಲ್ಲ. ಬಟ್ಟೆ ಅಂಗಡಿಯೊಂದರ ಲಿಫ್ಟಿಗೆ ಬಾಗಿಲಿನ ಸೆನ್ಸರ್ ಹಾಕಬೇಕಿತ್ತು. ತಲೆಕೆಳಗೆ ಹಾಕಿ, ಬಿಚ್ಚಿ, ಮತ್ತೆ ತಲೆಕೆಳಗೇ ಹಾಕಿದ. ಜೊತೆಯಲ್ಲಿ ಕೆಲಸ ಮಾಡುವ ದಪ್ಪಣ್ಣ ಸ್ಪ್ಯಾನರ್ ಕೆಳಗಿಟ್ಟ.

“ಏನೋ ಆಗಿದೆ ನಿನಗೆ? ಬೆಳಗ್ಗಿಂದ ನೋಡ್ತಿದೀನಿ, ದೆವ್ವ ಮೆಟ್ಟಿದೋನ ಥರ ಇದೀಯ.”

ಅವನು ಅತ್ತಿತ್ತ ನೋಡಿ, ದನಿ ಇಳಿಸಿ ಎಲ್ಲವನ್ನೂ ಹೇಳಿಕೊಂಡ. ದಪ್ಪಣ್ಣ ಮೊದಲು ಮನಸಾರೆ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ.

“ಮಗಳಿಗೆ ಹೇಳಿಬಿಡು, ನಂಗೆ ಭಯ ಆಗುತ್ತೆ ಪುಟ್ಟಾ ಅಂತ.”

“ಹೇಗೋ ಹೇಳ್ಲಿ? ನಾನಿದೀನಿ ಅಂತ ತಾನೇ ಅವಳು ಧೈರ್ಯ ಮಾಡಿರೋದು? ನನಗೇ ಭಯ ಅಂದ್ರೆ, ನಾಳೆಯಿಂದ ಅವಳು ನಮ್ಮ ಬಿಲ್ಡಿಂಗ್ ಲಿಫ್ಟನ್ನೂ ಹತ್ತಲ್ಲ. ನನ್ನ ಮುಖಾನೂ ನೋಡಲ್ಲ.”

ಬೆಳಿಗ್ಗೆ ಮಗಳು ಅವನನ್ನು ನೋಡಿದ ರೀತಿಯಲ್ಲಿ ಈವರೆಗೆ ಯಾರೂ ನೋಡಿರಲಿಲ್ಲ. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

“ಹಾಗಾದ್ರೆ ಕಾಲು ಉಳುಕಿಸ್ಕೋ,” ಎಂದ ದಪ್ಪಣ್ಣ. “ನಿಜವಾಗಿ ಬೇಡ, ಸುಮ್ನೆ. ಪಾರ್ಕಿಗೆ ಹೋಗು, ನೆರಳಲ್ಲಿ ಕೂತು ಬ್ಯಾಗ್ ಕಾಯಿ. ಟವರ್ ಮೇಲೆ ನಿನ್ ಹೆಂಡ್ತಿ ಕೂತ್ಕೊಳ್ಳಲಿ. ಮಾನಾನೂ ಉಳೀತು, ಪ್ರಾಣಾನೂ ಉಳೀತು.”

ನೆರಳು! ಬ್ಯಾಗು! ಬೆಂಚು! ಲಿಫ್ಟ್ ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಸರಿಯಾಗಿ ಅವನು ದಪ್ಪಣ್ಣನ ಹೆಗಲಿಗೆ ಜೋತುಬಿದ್ದು, ಎಡಗಾಲು ಎಳೆಯುತ್ತ ಗೇಟಿನೊಳಗೆ ಬಂದ. ದಪ್ಪಣ್ಣನಿಗೆ ಹುರುಪು ಸ್ವಲ್ಪ ಹೆಚ್ಚಾಯಿತು. “ದಾರಿ ಬಿಡಿ, ದಾರಿ ಬಿಡಿ! ಮೆಟ್ಟಿಲಿಂದ ಜಾರಿದಾನೆ!” ಎಂದು ಅವನು ಕೂಗಿದ ರಭಸಕ್ಕೆ ಮೇಲಿನ ಕಿಟಕಿಗಳೆಲ್ಲ ತೆರೆದುಕೊಂಡವು.

ಮೊದಲು ಬಂದವರು ಎದುರು ಮನೆಯ ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದಾಗಿನಿಂದ ಒಂದು ಗಾಯಕ್ಕಾಗಿ ಹಂಬಲಿಸುತ್ತಿದ್ದ ಹೆಂಗಸು. ಹಿಂದೆಯೇ ಕಟ್ಟಡದ ಸೆಕ್ರೆಟರಿ. ತನಗೆ ತಿಳಿಯದೆ ಕಟ್ಟಡದಲ್ಲಿ ಯಾರೂ ಸೀನಬಾರದೆಂದು ನಂಬಿದ್ದ ಮನುಷ್ಯ. ಎಲ್ಲರೂ ಸೇರಿ ಲಿಫ್ಟ್ ಡಾಕ್ಟರನ್ನು ಮನೆಯೊಳಗೆ ತಂದು ಸೋಫಾದ ಮೇಲೆ ಮಲಗಿಸಿದರು. ಹೆಂಡತಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅಷ್ಟರಲ್ಲಿ ದಪ್ಪಣ್ಣ ಮೆಲ್ಲಗೆ ಜಾಗ ಖಾಲಿ ಮಾಡಿದ.

“ಅಯ್ಯೋ, ಏನ್ರೀ ಇದು! ನಾಳೆ ಹೊರಡ್ಬೇಕು, ಇವತ್ತೇ ಬೀಳ್ಬೇಕಿತ್ತಾ?”

“ನಾನೇನು ಬೇಕೂಂತ ಬಿದ್ನಾ?” ಎಂದ ಅವನು ನರಳುತ್ತ. ನರಳಾಟ ತಾನೆಣಿಸಿದ್ದಕ್ಕಿಂತ ಚೆನ್ನಾಗಿ ಬರುತ್ತಿರುವುದು ಕಂಡು ಅವನಿಗೇ ಸಂತೋಷವಾಯಿತು. ಆ ಸಂತೋಷದಲ್ಲಿ ಮೈಮರೆತು ಬಲಗಾಲು ಒತ್ತಿಕೊಂಡ.

ನಾಲ್ಕು ವರ್ಷದ ಮಗ ಸೋಫಾದ ತುದಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. “ಅಪ್ಪಾ, ಆಗ ಆ ಕಾಲು ಎಳೀತಿದ್ದೆ. ಈಗ ಈ ಕಾಲಾ?”

ಎಲ್ಲರ ಕಣ್ಣೂ ಅವನ ಕಾಲುಗಳ ಮೇಲೆ ಬಿತ್ತು. ಕಾಪಾಡಿದವರು ನರ್ಸಮ್ಮ.

“ಮಗು ಎಷ್ಟು ಸರಿಯಾಗಿ ಗಮನಿಸಿದೆ ನೋಡಿ! ಒಂದು ಕಾಲು ಉಳುಕಿದ್ರೆ ಭಾರ ಎಲ್ಲಾ ಇನ್ನೊಂದರ ಮೇಲೆ. ಅದೂ ಉಳುಕುತ್ತೆ. ನಾನು ಎಷ್ಟು ಕೇಸು ನೋಡಿಲ್ಲ! ಏನಪ್ಪಾ, ಎರಡೂ ನೋಯ್ತಿದೆ ಅಲ್ವಾ?”

“ಎರಡೂ,” ಎಂದ ಅವನು. ಬೇರೆ ದಾರಿ ಇರಲಿಲ್ಲ.

ನರ್ಸಮ್ಮ ಎರಡೂ ಪಾದಗಳನ್ನು ತಿರುಚಿ, ಒತ್ತಿ, ಎಳೆದು ಪರೀಕ್ಷೆ ಮಾಡಿದರು. ಆ ಪರೀಕ್ಷೆಯಲ್ಲಿ ಅವನು ಕೂಗಿಕೊಂಡದ್ದರಲ್ಲಿ ನಾಟಕವಿರಲಿಲ್ಲ. ಮೂಳೆ ಮುರಿದಿಲ್ಲ, ಉಳುಕು ಮಾತ್ರ, ಆದರೆ ನೆಲಕ್ಕೆ ಕಾಲಿಡುವಂತಿಲ್ಲ ಎಂದು ತೀರ್ಪು ಕೊಟ್ಟು, ಪಾದದಿಂದ ಮೊಣಕಾಲವರೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಅಲ್ಲಿಗೆ ಅವನ ಕಾಲುಗಳು ಹಾಸಿಗೆ ಸುತ್ತಿಟ್ಟ ಹಾಗೆ ಕಂಡವು.

ಕೋಣೆಯ ಇನ್ನೊಂದು ಮೂಲೆಯಿಂದ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಆಮೇಲೆ ತಮ್ಮನನ್ನು ಕರೆದುಕೊಂಡು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ತಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಅಮ್ಮನ ದುಪಟ್ಟಾದಿಂದ ಬೆಲ್ಟ್ ಕಟ್ಟಿ ಸಮಾಧಾನ ಹೇಳುತ್ತಿದ್ದಳು. “ಈಗ ಆಟದಲ್ಲೇ ಕೂತ್ಕೋ. ನಾಳೆ ಇಲ್ಲ. ಅಪ್ಪ ಪಕ್ಕದಲ್ಲಿ ಇಲ್ದೆ ನಾನು ಕೂರಲ್ಲ. ಅಮ್ಮಂಗೆ ಬ್ರೇಕ್ ಬಗ್ಗೆ ಏನೂ ಗೊತ್ತಿಲ್ಲ.”

ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಇಷ್ಟು ಚಿಕ್ಕ ಮಗುವಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿಗೆ ಆ ಟವರು ಕಂಡಿತು. ತಟ್ಟನೆ ತೆರೆದ.

“ನಾಳೆ ಹೋಗೋದು ಬೇಡ ಬಿಡಿ,” ಎಂದಳು ಹೆಂಡತಿ, ದನಿಯಲ್ಲಿ ಜೀವವಿಲ್ಲದೆ. “ನಿಮ್ಮನ್ನ ಈ ಸ್ಥಿತೀಲಿ ಬಿಟ್ಟು ಹೇಗೆ ಹೋಗೋದು?”

“ಛೆ ಛೆ! ನಾನೂ ಬರ್ತೀನಿ ಕಣೇ. ಎಲ್ಲಾದ್ರೂ ಒಂದು ಬೆಂಚಿನ ಮೇಲೆ ಕೂತಿರ್ತೀನಿ. ಬ್ಯಾಗ್ ನೋಡ್ಕೋತೀನಿ. ನೀವು ಆಡ್ಕೊಳ್ಳಿ.”

“ಬೆಂಚ್ ತನಕ ಹೋಗೋದು ಹೇಗೆ? ಎರಡೂ ಕಾಲಿಲ್ಲ!”

ಸೆಕ್ರೆಟರಿಯ ಕಣ್ಣು ಹೊಳೆಯಿತು. “ನಮ್ಮ ಅಸೋಸಿಯೇಷನ್ ವೀಲ್‌ಚೇರ್ ಇದೆಯಲ್ಲ! ನಾನೇ ಒತ್ತಾಯ ಮಾಡಿ ತರಿಸಿದ್ದು. ಇಲ್ಲೀತನಕ ಒಬ್ಬರಿಗೂ ಕಾಲು ಮುರೀಲಿಲ್ಲ, ಎಲ್ಲರೂ ದಂಡ ಖರ್ಚು ಅಂತ ನನ್ನ ಬೈದ್ರು. ಈಗ ತರ್ತೀನಿ ನೋಡಿ!” ಎಂದು ಹುಡುಗನಂತೆ ಓಡಿದರು.

ವೀಲ್‌ಚೇರು ಬಂತು. ನರ್ಸಮ್ಮ, ಸೆಕ್ರೆಟರಿ ಇಬ್ಬರೂ ಸೇರಿ ಅವನನ್ನು ಎತ್ತಿ ಕೂರಿಸಿದರು. ಕೂತು ನೋಡಿದರೆ ಹಾಯಾಗಿತ್ತು. ಬೆಂಚಿಗಿಂತ ಮೇಲು. ಮೊಣಕಾಲ ಮೇಲೆ ಬ್ಯಾಗ್, ಕೈಯಲ್ಲಿ ನೀರಿನ ಬಾಟಲಿ, ಮರದ ನೆರಳು. ದೂರದಲ್ಲಿ ಯಾರೋ ಬೀಳುತ್ತಿರುತ್ತಾರೆ, ತಾನು ಬೀಳುತ್ತಿರುವುದಿಲ್ಲ. ಬೆಳಗಿನಿಂದ ಮೊದಲ ಬಾರಿಗೆ ಅವನು ತುಂಬು ಉಸಿರೆಳೆದುಕೊಂಡ.

ಅತ್ತ ಹೆಂಡತಿ ಫೋನ್ ಹಿಡಿದು ಬಾಲ್ಕನಿಗೆ ಹೋಗಿದ್ದಳು. ವೀಲ್‌ಚೇರನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಪಾರ್ಕಿನವರನ್ನೇ ಕೇಳಿಬಿಡುವುದು ಒಳ್ಳೆಯದೆಂದು ಅವಳಿಗೆ ತೋರಿತ್ತು. ಬಾಲ್ಕನಿಯಿಂದ ತುಂಡು ತುಂಡು ಮಾತು ಕೇಳುತ್ತಿತ್ತು. “ಹೌದು, ಎರಡೂ ಕಾಲು... ಮುರಿದಿಲ್ಲ, ಉಳುಕು... ಹೌದಾ?... ನಿಜವಾಗ್ಲೂ?” ಫೋನಿಟ್ಟು ಒಳಗೆ ಬಂದಾಗ ಅವಳ ಮುಖ ಅರಳಿತ್ತು.

“ಮಕ್ಕಳೇ, ಬನ್ನಿ ಇಲ್ಲಿ! ವೀಲ್‌ಚೇರ್‌ನಲ್ಲಿ ಬಂದೋರಿಗೆ ಬೇರೆ ಬಾಗಿಲಂತೆ. ಸಾಲೇ ಇಲ್ವಂತೆ. ಅವರ ಜೊತೆ ಮನೆಯೋರೆಲ್ಲ ಸೀದಾ ಒಳಗೆ ಹೋಗಬಹುದಂತೆ!”

“ಬೆಂಚಿಗೆ?” ಎಂದ ಅವನು ಕ್ಷೀಣವಾಗಿ.

“ಬೆಂಚಿಗಲ್ಲಾರೀ, ಟವರಿಗೆ! ನಿಮ್ಮ ಕಾಲಿನ ವಿಷಯ ಕೇಳಿದೆ. ಅಲ್ಲಿ ಕಾಲಿಗೆ ಕೆಲಸವೇ ಇಲ್ವಂತೆ, ಸುಮ್ನೆ ಕೆಳಗೆ ಜೋತಾಡ್ತಿರುತ್ತಂತೆ. ಕೈ ಗಟ್ಟಿಯಿದ್ರೆ ಸಾಕಂತೆ. ಬೇರೆಯೋರು ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ಒಂದು ಸಲ ಕೂರೋದೂ ಕಷ್ಟ. ನಾವು ಇಳಿದು ಅದೇ ಬಾಗಿಲಿಂದ ಮತ್ತೆ ಹತ್ತಬಹುದಂತೆ!”

ಮಗಳು ಒಳಗಿನಿಂದ ಬಾಣದಂತೆ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. “ಅಪ್ಪಾ! ಮೂರು ಸಲ ಹೋಗೋಣ! ಮೂರು ಸಲ!”

ಅವನ ತಲೆ ಗಿರ್ರೆಂದಿತು. ಕಾಲು ಸರಿಯಿದ್ದರೆ ಬಹುಶಃ ಒಂದು ಸಲ, ಸಾಲು ಉದ್ದವಿದ್ದರೆ ಅದೂ ಇಲ್ಲ. ಕಾಲು ಉಳುಕಿದ್ದರೆ ಮೂರು ಸಲ. ಈ ಲೆಕ್ಕ ಅರ್ಥವಾದದ್ದೇ ತಡ, ಅವನು ವೀಲ್‌ಚೇರಿನಿಂದ ಧಿಗ್ಗನೆ ಎದ್ದು ನಿಂತ.

“ಅರೇ! ನೋವು ಹೋಗೇಬಿಡ್ತಲ್ಲ! ನರ್ಸಮ್ಮ, ನಿಮ್ಮ ಕೈಗುಣ ಅಂದ್ರೆ ಕೈಗುಣ!” ಎಂದು ಕೋಣೆಯ ತುಂಬ ನಡೆದು ತೋರಿಸಿದ. ಸಾಲದೆಂದು ಎರಡು ಸಲ ಕುಪ್ಪಳಿಸಿದ. ಬ್ಯಾಂಡೇಜ್ ಬಿಗಿಯಾಗಿದ್ದರಿಂದ ಪಾದ ಮಡಿಸಲಾಗದೆ, ಕುಪ್ಪಳಿಸಿದ್ದು ಕಂಬ ನೆಟ್ಟ ಹಾಗಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನರ್ಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

“ನೋಡಿದ್ರಾ? ತನ್ನಿಂದ ಮಕ್ಕಳಿಗೆ ತೊಂದರೆ ಆಗಬಾರದು ಅಂತ ನೋವು ನುಂಗ್ಕೊಂಡು ಕುಣೀತಿದಾನೆ. ಇಂಥ ತಂದೇನ ನಾನು ಎಲ್ಲೂ ನೋಡಿಲ್ಲ.”

“ನೋವಿಲ್ಲ ನರ್ಸಮ್ಮ! ನನ್ನಾಣೆಗೂ ನೋವಿಲ್ಲ! ಬಿದ್ದೂ ಇಲ್ಲ, ಉಳುಕೂ ಇಲ್ಲ, ಎಲ್ಲಾ ಸುಳ್ಳು!”

“ನೋವು ತಲೆಗೇರಿದೆ,” ಎಂದರು ನರ್ಸಮ್ಮ ಪಿಸುದನಿಯಲ್ಲಿ.

“ಹೆಗಲು ಹಿಡೀರಿ, ನಾನು ಸೊಂಟ ಹಿಡೀತೀನಿ,” ಎಂದರು ಸೆಕ್ರೆಟರಿ. ಒಂದೇ ಏಟಿಗೆ ಅವನನ್ನು ವೀಲ್‌ಚೇರಿಗೆ ಹಾಕಿ, ಇನ್ನು ಏಳದಿರಲೆಂದು ಬೆಲ್ಟ್ ಬಿಗಿದರು. ಹೆಂಡತಿ ಬಗ್ಗಿ ಅವನ ಕೆನ್ನೆ ಸವರಿ, “ಸಾಕು ಸುಮ್ನಿರಿ. ನೀವೆಷ್ಟು ಒಳ್ಳೆಯೋರು ಅಂತ ನನಗೆ ಗೊತ್ತಿಲ್ವಾ?” ಎಂದಳು. ಮದುವೆಯಾದಂದಿನಿಂದ ಕೇಳಬೇಕೆಂದಿದ್ದ ಮಾತು ಇಂಥ ಹೊತ್ತಿನಲ್ಲಿ ಬಂತಲ್ಲ ಎಂದು ಅವನಿಗೆ ಅಳು ಬಂತು.

ನೆರೆಯವರು ಹೊರಟುಹೋದರು. ಹೆಂಡತಿ ಮಗನನ್ನು ಎತ್ತಿಕೊಂಡು ಒಳಗೆ ಬ್ಯಾಗಿಗೆ ಇನ್ನೂ ಏನೋ ತುರುಕಲು ಹೋದಳು. ಮಗಳು ಮಾತ್ರ ವೀಲ್‌ಚೇರಿನ ಪಕ್ಕ ನಿಂತು ಅದರ ಚಕ್ರ ತಿರುಗಿಸುತ್ತಿದ್ದಳು. ಇನ್ನು ತನಗೆ ಯಾವ ಸುಳ್ಳೂ ಉಳಿದಿಲ್ಲ ಎನ್ನಿಸಿತು ಅವನಿಗೆ. ಅವಳನ್ನು ಹತ್ತಿರ ಕರೆದ.

“ಪುಟ್ಟಾ, ಒಂದು ಮಾತು ಹೇಳ್ತೀನಿ. ಅಪ್ಪನ ಕಾಲಿಗೆ ಏನೂ ಆಗಿಲ್ಲ. ಅಪ್ಪಂಗೆ ಭಯ. ಆ ಟವರ್ ಅಂದ್ರೆ ಭಯ. ಬೀಳೋದು ಅಂದ್ರೇನೇ ಭಯ.”

ಮಗಳು ಚಕ್ರ ತಿರುಗಿಸುವುದನ್ನು ನಿಲ್ಲಿಸಿದಳು. ಅವನನ್ನೇ ನೋಡಿದಳು. ಈಗ ಹೋಯಿತು, ಎಲ್ಲ ಹೋಯಿತು ಎಂದುಕೊಂಡ.

ಅವಳು ಅವನ ಕೈಯನ್ನು ತನ್ನ ಎರಡೂ ಪುಟ್ಟ ಕೈಗಳಲ್ಲಿ ಹಿಡಿದುಕೊಂಡಳು. “ನಿಂಗೂ ಭಯ ಆಗುತ್ತಾ ಅಪ್ಪಾ?” ಎಂದಳು ಮೆತ್ತಗೆ. “ಪರವಾಗಿಲ್ಲ. ನಾನು ಯಾರಿಗೂ ಹೇಳಲ್ಲ. ನನ್ನ ಕೈ ಹಿಡ್ಕೋ, ಆಯ್ತಾ?”

ಅವನ ಎದೆ ತುಂಬಿ ಬಂತು. ಇಡೀ ದಿನದ ಭಾರ ಇಳಿದುಹೋಯಿತು. ಇಷ್ಟು ಸುಲಭವಿತ್ತೇ? ಬೆಳಿಗ್ಗೆಯೇ ಹೇಳಿದ್ದರೆ ಮುಗಿಯುತ್ತಿತ್ತಲ್ಲ!

“ಹಾಗಾದ್ರೆ ನಾಳೆ ಅಪ್ಪ ಕೂರೋದು ಬೇಡ ಅಲ್ವಾ, ಬಂಗಾರಿ?”

ಮಗಳು ಅವನ ಕೈ ಬಿಡಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದಳು.

“ಇಲ್ಲಪ್ಪಾ. ಇಷ್ಟೊಂದು ಭಯ ಮೂರು ಸಲಕ್ಕೆಲ್ಲಾ ಹೋಗಲ್ಲ,” ಎಂದಳು ಕನಿಕರದಿಂದ. “ಹತ್ತು ಸಲ ಕೂರೋಣ. ಹೇಗೂ ನಮಗೆ ಸಾಲಿಲ್ವಲ್ಲ.”