ರಾಕ್ಷಸನ ಬಂಧುಬಳಗ

ನಮ್ಮ ಮನೆಯ ವರಾಂಡಕ್ಕೆ ಬಂದ ಯಾವ ಕೆಲಸವೂ ಅಂದುಕೊಂಡ ಹಾಗೆ ಮುಗಿದದ್ದಿಲ್ಲ. ಎಂಬತ್ತರ ದಶಕ, ಬಸವೇಶ್ವರನಗರ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ ಗೆಳೆಯನ ಭಾವ ಹಡಗಿನ ಕೆಲಸದಿಂದ ರಜೆಗೆ ಬರುವಾಗ ವಿದೇಶದ ಒಂದು ಆಟ ತಂದಿದ್ದ. ಒಬ್ಬ ಕಥೆ ಹೇಳಬೇಕು, ಮಿಕ್ಕವರು ವೀರರಾಗಿ 'ನಾನು ಹೀಗೆ ಮಾಡ್ತೀನಿ' ಅನ್ನಬೇಕು, ಗೆಲುವು ಸೋಲು ದಾಳದ ಪಾಲು. ಅದನ್ನೇ ನಮ್ಮ ಕಡೆಗೆ ಒಗ್ಗಿಸಲು ಭಾನುವಾರ ಭಾನುವಾರ ಕೂರುತ್ತಿದ್ದೆವು. ಕಥೆ ಹೇಳುವವನು ನಾನು. ಕೊನೆಗೆ ಬರಲೆಂದು ಒಂಬೈನೂರು ವರ್ಷದ ಒಬ್ಬ ಭರ್ಜರಿ ರಾಕ್ಷಸನನ್ನು ಸಾಕಿಟ್ಟಿದ್ದೆ. ಅವನಿಗೂ ಇವರಿಗೂ ಒಂದೇ ಒಂದು ಸಲ ಕಾದಾಟ ನಡೆಯಬೇಕು, ಅಷ್ಟೇ ನನ್ನ ಆಸೆ.

೧. ಹಿತ್ತಾಳೆ ದಾಳ

ಆಟಕ್ಕೆ ಮೊದಲು ವೀರನಿಗೊಂದು ಹಿನ್ನೆಲೆ ಬೇಕು. ಎಲ್ಲಿಯವನು, ಯಾರ ಮಗ ಎಂದು ಆರು ಸಾಲಿನ ಕೋಷ್ಟಕ ಬರೆದೆ. ದಾಳದಲ್ಲಿ ಬಿದ್ದದ್ದೇ ಹಣೆಬರಹ. ಲೇತ್ ಗೆಳೆಯ ಹಿತ್ತಾಳೆಯಲ್ಲಿ ದಾಳ ಮಾಡಿ ತಂದ. ನೋಡಲು ಬಲು ಲಕ್ಷಣ, ಆದರೆ ಹೇಗೆ ಎಸೆದರೂ ಆರೇ ಬೀಳುತ್ತಿತ್ತು. ಆರರ ಮುಂದೆ ನಾನು ಬರೆದದ್ದು 'ಅನಾಥ'.

"ಬ್ಯಾಲೆನ್ಸ್ ಸ್ವಲ್ಪ ಔಟು ಗುರು," ಅಂದ.

ಕಾಫಿ ತಂದ ಅಮ್ಮ ವಿಷಯ ಕೇಳಿ ಮರುಗಿಹೋದಳು. "ಅಯ್ಯೋ ಪಾಪ, ಒಬ್ರಿಗೂ ಅಪ್ಪ ಅಮ್ಮ ಇಲ್ವಾ? ಕಾಡಿಗೆ ಹೊರಟ್ರೆ ಬುತ್ತಿ ಕಟ್ಟಿಕೊಡೋರು ಯಾರೋ?"

ಆಟದ ಜೊತೆ ಬಂದಿದ್ದ ವಿದೇಶದ ನಿಯಮ ಪುಸ್ತಕದಲ್ಲಿ ಬುತ್ತಿಯ ಮಾತೇ ಇರಲಿಲ್ಲ.

೨. ಕವಡೆ

ಅಮ್ಮ ತನ್ನ ಚೌಕಾಬಾರದ ಕವಡೆ ಕೊಟ್ಟಳು. ಕೋಷ್ಟಕದಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲ ಸೇರಿದರು. ವಿಜಯನಗರದಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿಯ ಗೆಳೆಯನಿಗೆ ಅದೂ ಸಾಲದು.

"ಸೋದರಮಾವ ಇಲ್ದ ಎಂಥಾ ಮನಿತನೋ ಮಾರಾಯಾ?"

ಸೋದರಮಾವನೂ ಬಂದ. ಅವನ ಹಿಂದೆಯೇ ಆಸ್ತಿ ಜಗಳ ಬಂತು. ರಾಕ್ಷಸ ಕಾಯ್ತಾ ಇದ್ದಾನೆ ಕಣೋ ಎಂದು ಗೋಗರೆದೆ.

"ಮದ್ಲ ಪಾಲು ಆಗ್ಲಿ. ರಾಕ್ಷಸ ಎಲ್ಲಿ ಓಡಿ ಹೊಕ್ಕಾನ?"

ಆ ಭಾನುವಾರ ಕತ್ತಿ ಹೊರಗೆ ಬರಲೇ ಇಲ್ಲ. ಬಂದವರು ವಕೀಲರು.

೩. ದರೋಡೆಕೋರ

ಮುಂದಿನ ವಾರ ಕೋಪಕ್ಕೆ, ದಾರಿಯಲ್ಲಿ ಒಬ್ಬ ದರೋಡೆಕೋರನನ್ನು ಮರದಿಂದ ಧುಮುಕಿಸಿದೆ.

"ಯಾವೂರ್ರೀ ನಿಮ್ಮದು?" ಎಂದು ಹುಬ್ಬಳ್ಳಿಯವನು ಅವನನ್ನೇ ಕೇಳಿದ.

ಕಳ್ಳನಿಗೆಲ್ಲ ಹಿನ್ನೆಲೆ ಇಲ್ಲ ಅಂದೆ. ಲೇತ್ ಗೆಳೆಯ ಒಪ್ಪಲಿಲ್ಲ. "ಅದೆಂಗೆ ಗುರು? ರೂಲ್ ಅಂದ್ರೆ ರೂಲ್."

ಕವಡೆ ಹಾಕಿದೆ. ಲೇತ್ ಗೆಳೆಯನ ವೀರನಿಗೆ ಅವನು ಅತ್ತೆಯ ಮೈದುನನಾಗಬೇಕು ಎಂದು ಬಂತು. ವೀರ ಕತ್ತಿ ಇಳಿಸಿದ. "ನಾಳೆ ಅತ್ತೆ ಮುಖ ಹೆಂಗೆ ನೋಡ್ಲಿ?"

ದರೋಡೆಕೋರ ತನ್ನ ಚೂರಿಯಲ್ಲೇ ಸೌತೆಕಾಯಿ ಹೆಚ್ಚಿಕೊಟ್ಟು, ಹತ್ತಿರದ ದಾರಿ ತೋರಿಸಿ ಹೋದ.

೪. ಕೊನೆಗೂ ಗುಹೆ

ಅಂತೂ ಒಂದು ಭಾನುವಾರ ಗುಹೆ ಮುಟ್ಟಿದೆವು. ನನಗೆ ಸಂತೋಷ ತಡೆಯಲಾಗಲಿಲ್ಲ. ವೀರರಿಬ್ಬರೂ ಕತ್ತಿ ಹಿರಿದರು, ನಾನು ರಾಕ್ಷಸನಾಗಿ ಗರ್ಜಿಸಿದೆ. ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತಿದಳು.

"ಇವನಿಗೂ ಕವಡೆ ಹಾಕೋ. ಪಂಕ್ತಿಭೇದ ಮಾಡಬಾರದು."

ಈ ಸಲ ನಾನು ಹುಷಾರಾಗಿದ್ದೆ. ಕವಡೆ ಮುಟ್ಟದೆ ಹಿತ್ತಾಳೆ ದಾಳ ತೆಗೆದೆ. ಆರು ಬೀಳಲೇಬೇಕು, ಬಿತ್ತು.

"ಅನಾಥ! ಅತ್ತೆ ಇಲ್ಲ, ಮಾವ ಇಲ್ಲ, ಕೇಳೋರೇ ಇಲ್ಲ. ಹೊಡೀರೋ!" ಎಂದು ಕೂಗಿದೆ.

ಯಾರೂ ಕದಲಲಿಲ್ಲ. ಅಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು.

"ಹೆತ್ತೋರಿಲ್ಲದ ಒಂಟಿ ಜೀವದ ಮೇಲೆ ಇಬ್ಬಿಬ್ಬರು ಕೈ ಮಾಡ್ತೀರಾ? ನಾಚಿಕೆ ಆಗಲ್ವಾ? ಇವತ್ತಿಂದ ಅವನು ನನ್ನ ಮಗ. ಬರ್ಕೊಳೋ."

ವೀರರು ಕತ್ತಿ ಒಳಗಿಟ್ಟರು. ಅಷ್ಟು ದಿನ ಸಾಕಿದ ನನ್ನ ರಾಕ್ಷಸ ಊಟಕ್ಕೆ ಕೈ ತೊಳೆಯಲು ಹೋದ. ನನಗೆ ಅಳುವೇ ಬಂತು.

ಲೇತ್ ಗೆಳೆಯ ಬೆನ್ನು ತಟ್ಟಿದ. "ಬೇಜಾರಾಗ್ಬೇಡ ಮಗಾ, ನಿನಗೊಬ್ಬ ತಮ್ಮ ಸಿಕ್ಕಿದ."

"ತಮ್ಮ ಎಲ್ಲಿಂದ ಆಗ್ತಾನೆ?" ಅಂದಳು ಅಮ್ಮ. "ಒಂಬೈನೂರು ವರ್ಷ ಅಂದ್ಯಲ್ಲೋ. ಅಣ್ಣಾ ಅಂತ ಕರಿ."