ಮೈಕ್ ಸೆಟ್ಟಿನವನು ಕಂಡ ಜಪ, ಮೌನ

ಸವಣೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಇದೆ. ಮದುವೆ, ಸತ್ಕಾರ, ಚುನಾವಣೆ ಅಂತ ತಿರುಗುತ್ತಿದ್ದವನನ್ನು ಈಚೆಗೆ ಜಪಕ್ಕೂ ಧ್ಯಾನಕ್ಕೂ ಕರೆಯುತ್ತಿದ್ದಾರೆ. ದೇವರ ಹೆಸರು ಹೇಳುವಲ್ಲಿ, ಏನೂ ಹೇಳದೆ ಸುಮ್ಮನೆ ಕೂರುವಲ್ಲಿ ನಗು ಬರಬಾರದು. ಆದರೆ ನಾನು ಸಾಮಾನು ಇಳಿಸಿದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. "ಅದು ನಿಮ್ಮ ಕಾಲ್ಗುಣಾನ ಐತ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಮೌನಕ್ಕೆ ಎರಡು ಬಾಕ್ಸ್

ಹಂಸಭಾವಿಯಲ್ಲಿ ಒಂದು ದಿನದ ಮೌನ ಶಿಬಿರ. ನಡೆಸುವವರು ಫೋನ್ ಮಾಡಿ, "ಎರಡು ದೊಡ್ಡ ಸ್ಪೀಕರ್ ಬಾಕ್ಸ್ ತರ್ರಿ" ಎಂದರು.

"ಸುಮ್ಮನ ಕುಂದ್ರೂದಕ್ಕ ಬಾಕ್ಸ್ ಯಾಕ್ರೀ ಸರ?"

"ಸುಮ್ಮನ ಕುಂದ್ರಿ ಅಂತ ಹೇಳೂದು ಬ್ಯಾಡೇನು?"

ಅದೂ ಸರಿಯೇ. ಶಿಬಿರ ಶುರುವಾಯಿತು. "ಮೌನವೆಂದರೆ ಬಾಯಿ ಮುಚ್ಚುವುದಲ್ಲ, ಒಳಗಿನ ಗದ್ದಲ ನಿಲ್ಲುವುದು" ಎಂದು ಅವರು ಚೆಂದಾಗಿಯೇ ಹೇಳಿದರು. ಜನ ಕಣ್ಣು ಮುಚ್ಚಿದರು. ಎರಡು ನಿಮಿಷಕ್ಕೆ ಬಾಕ್ಸ್ ಗುಡುಗಿತು: "ಈಗ ಮೌನ ಶುರುವಾಗಿದೆ." ಮತ್ತೆರಡು ನಿಮಿಷಕ್ಕೆ: "ಮೌನ ಇನ್ನೂ ಆಳಕ್ಕೆ ಇಳಿಯುತ್ತಿದೆ." ಆಮೇಲೆ: "ಹೊರಗಿನ ಯಾವ ಶಬ್ದಕ್ಕೂ ಕಿವಿಗೊಡಬೇಡಿ!" ಗೋಡೆಯ ಮೇಲಿನ ಪಾರಿವಾಳಗಳು ಅಷ್ಟೂ ಹಾರಿಹೋದವು.

ಅರ್ಧ ತಾಸಾದ ಮೇಲೆ ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಕೈ ಎತ್ತಿದಳು. ಶಿಬಿರ ನಡೆಸುವವರಿಗೆ ಖುಷಿಯಾಯಿತು. "ಹೇಳವ್ವಾ, ಏನ ಅನುಭವ ಆತು?"

"ಯಪ್ಪಾ, ನಾವಂತೂ ಆಗಲೇ ಸುಮ್ಮನಾಗೇವಿ. ನೀ ಯಾವಾಗ ಸುರು ಮಾಡ್ತಿ?"

ಅಕ್ಕೋರು ಹೇಳಿಕೊಟ್ಟ ಜಪ

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಹಾನಗಲ್ಲಿನಲ್ಲಿ ಒಬ್ಬ ನಿವೃತ್ತ ಅಕ್ಕೋರು ಹೆಂಗಸರಿಗೆಲ್ಲ ಶಿವನಾಮ ಜಪ ಮಾಡಿಸುತ್ತಿದ್ದರು. ಕುಳಿತವರಲ್ಲಿ ಅರ್ಧ ಜನ ಅವರ ಕೈಯಲ್ಲೇ ಎರಡನೇ ತರಗತಿ ಕಲಿತವರು. ಅಕ್ಕೋರ ಸೆರಗಿಗೆ ನಾನು ಸಣ್ಣ ಮೈಕ್ ಸಿಗಿಸಿದೆ. "ಕಣ್ಣ ತೆರೀಬಾರದು. ನಾ ಹೇಳಿದ್ದನ್ನ ಹಂಗಽ ಹೇಳ್ರಿ. ನಾಮ ಬಾಯಿಂದ ಮನಸಿಗೆ ಇಳೀಬೇಕು" ಎಂದು ಅವರು ಶುರು ಮಾಡಿದರು.

"ಓಂ ನಮಃ ಶಿವಾಯ."

"ಓಂ ನಮಃ ಶಿವಾಯ."

ಮೂವತ್ತೋ ನಲವತ್ತೋ ಸಲ ಆಗಿರಬೇಕು. ಅಕ್ಕೋರ ಹುಬ್ಬು ಗಂಟಿಕ್ಕಿತು. ತಮ್ಮಷ್ಟಕ್ಕೇ ಗೊಣಗಿಕೊಂಡರು: "ಗ್ಯಾಸ್ ಬಂದ್ ಮಾಡೇನೋ ಇಲ್ಲೋ?"

ಇಡೀ ಸಭೆ ಅದೇ ರಾಗದಲ್ಲಿ, ಅದೇ ಭಕ್ತಿಯಿಂದ, "ಗ್ಯಾಸ್ ಬಂದ್ ಮಾಡೇನೋ ಇಲ್ಲೋ" ಎಂದಿತು.

"ಅಯ್ಯ ಶಿವನ, ಅದಲ್ಲ!"

"ಅಯ್ಯ ಶಿವನ, ಅದಲ್ಲ!"

"ಸಾಕ, ಸುಮ್ಮನಾಗ್ರಿ!"

"ಸಾಕ, ಸುಮ್ಮನಾಗ್ರಿ!"

ಬಿದ್ದು ಬಿದ್ದು ನಗುತ್ತಲೇ ಮೈಕ್ ಬಂದ್ ಮಾಡಿದೆ. ಹೇಳಿದ್ದು ಮನಸ್ಸಿಗೆ ಇಳಿದಿದ್ದಂತೂ ಖರೆ. ಏಕೆಂದರೆ ಹತ್ತು ಹೆಂಗಸರು ಅಲ್ಲಿಂದಲೇ ಎದ್ದು, ಗ್ಯಾಸ್ ನೋಡಲು ಮನೆಗೆ ಓಡಿದರು.

ಯಾರ ಉಸಿರು?

ಅಬಲೂರಿನ ಹತ್ತಿರ ಕೆಲವು ಬೌದ್ಧ ಕುಟುಂಬಗಳು ರವಿವಾರ ಒಂದೆಡೆ ಸೇರುತ್ತವೆ. ಅವತ್ತು ಭಂತೇಜಿ, ಅಂದರೆ ಅವರ ಭಿಕ್ಷುಗಳು, ಬಂದಿದ್ದರು. ಎಲ್ಲರೂ ಸೇರಿ "ಬುದ್ಧಂ ಶರಣಂ ಗಚ್ಛಾಮಿ" ಹೇಳಿದಾಗ ನನಗೂ ಮೈ ಜುಮ್ ಎಂದಿತು. ಬಳಿಕ ಭಂತೇಜಿ, "ಹತ್ತು ನಿಮಿಷ ಕಣ್ಣು ಮುಚ್ಚಿ. ಉಸಿರು ಬಂತು, ಉಸಿರು ಹೋಯಿತು. ಅಷ್ಟನ್ನೇ ಗಮನಿಸಿ" ಎಂದರು.

ಮುಂದಿನ ಸಾಲಿನಲ್ಲಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಬೆಳಗಿನಿಂದ ಹೊಲ ಹೊಡೆದು ಬಂದಿದ್ದ. ಎರಡೇ ನಿಮಿಷಕ್ಕೆ ಅವನ ಗೊರಕೆ ಶುರುವಾಯಿತು. ಅವನ ಎದುರಿಗೇ ನನ್ನ ಮೈಕ್! ಎದ್ದು ಹೋಗಿ ಬಂದ್ ಮಾಡಿದರೆ ಧ್ಯಾನ ಕೆಡುತ್ತದೆಂದು ನಾನೂ ಹಲ್ಲು ಕಚ್ಚಿ ಕುಳಿತೆ.

ಹತ್ತು ನಿಮಿಷ ಮುಗಿದ ಮೇಲೆ ಭಂತೇಜಿ ಕೇಳಿದರು: "ಒಂದು ಉಸಿರನ್ನೂ ತಪ್ಪಿಸದೆ ಗಮನಿಸಿದವರು ಯಾರು?"

ಎಲ್ಲರ ಕೈಯೂ ಮೇಲೆದ್ದಿತು. ಒಬ್ಬ ರೈತ ಎದ್ದು ಕೈಮುಗಿದ. "ಒಂದಽ ತಪ್ಪರಿ ಭಂತೇಜಿ. ನಮ್ಮ ಉಸರು ನಮಗ ಕೇಳಲಿಲ್ಲ. ಎಲ್ಲಾರೂ ಇವನದನ್ನಽ ಗಮನಿಸಿದ್ವಿ."

ಮಾವನ ಸೋಮವಾರ

ಶಿಗ್ಗಾವಿಯಲ್ಲಿರುವ ನನ್ನ ಸೋದರಮಾವನಿಗೆ ಬಾಯಿ ಜೋರು. ಆ ಬಾಯಿಂದಲೇ ಮಗಳಿಗೆ ಬಂದ ಎರಡು ಸಂಬಂಧ ಮುರಿದವು. ಮನಸ್ಸಿಗೆ ನಾಟಿ, ಪ್ರತಿ ಸೋಮವಾರ ಮೌನ ಹಿಡಿದ. ಹೇಳಬೇಕಾದ್ದನ್ನು ಜೇಬಿನ ಸಣ್ಣ ವಹಿಯಲ್ಲಿ ಬರೆದು ತೋರಿಸುತ್ತಿದ್ದ.

ಮೂರನೇ ಸಂಬಂಧ ಬಂಕಾಪುರದ್ದು. ಅವರು ಮಾತಿಗೆ ಕರೆದದ್ದು ಸೋಮವಾರವೇ. ಅತ್ತೆ ಹಿಂದಿನ ದಿನವೇ ಹೋಗಿದ್ದಳು. ಮಾವ ಹೊಸ ಅಂಗಿ ತೊಟ್ಟು ಹಾವೇರಿ ಬಸ್ ಹತ್ತಿದ. ವಹಿ ಹಳೇ ಅಂಗಿಯಲ್ಲೇ ಉಳಿಯಿತು.

"ಎಲ್ಲಿಗ್ರೀ ಅಜ್ಜಾರ?" ಎಂದ ಕಂಡಕ್ಟರ್.

ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ; ನಮ್ಮ ಕಡೆ ಬಂಕಾಪುರವೆಂದರೆ ನವಿಲು. ಮಾವ ಎದ್ದು ನಿಂತು, ಎರಡೂ ಕೈ ಬೆನ್ನ ಹಿಂದೆ ಒಯ್ದು, ಬೆರಳು ಬಿಡಿಸಿ, ಸೊಂಟ ಕುಣಿಸಿ ತೋರಿಸಿದ.

ಕಂಡಕ್ಟರನ ಮುಖ ಬಿಳಿಚಿತು. "ಹೊಟ್ಟಿ ಕೆಟ್ಟೈತೇನ್ರಿ?"

ಮಾವ ಇಲ್ಲವೆಂದು ತಲೆ ಕೊಡವಿ, ಇನ್ನೂ ಜೋರಾಗಿ ಕುಣಿಸಿದ.

"ಭಾಳ ಅವಸರ ಐತಿ! ನಿಂದರಸ್ರೋ ಗಾಡಿ!"

ಸೀಟಿ ಹೊಡೆದು ಬಸ್ ನಿಲ್ಲಿಸಿ ಮಾವನನ್ನು ಇಳಿಸಿದರು. ಯಾರೋ ಪುಣ್ಯಾತ್ಗಿತ್ತಿ ನೀರಿನ ಬಾಟಲಿ ಕೈಗಿಟ್ಟಳು. ಜಾಲಿಗಿಡ ಯಾವ ಕಡೆ ಇದೆಯೆಂದು ಇಡೀ ಬಸ್ಸು ಬೆರಳು ಮಾಡಿತು. ಮೌನ ಮುರಿಯುವುದಕ್ಕಿಂತ ಹೋಗಿಬರುವುದೇ ಮೇಲೆಂದು ಮಾವ ಹೋದ. ನೋಡುತ್ತಾನೆ, ಗಿಡದ ಮರೆಯಲ್ಲಿ ನಿಜವಾದ ನವಿಲು! ಓಡಿಬಂದು ಕಂಡಕ್ಟರನಿಗೆ ಕೈ ಮಾಡಿ ತೋರಿಸಿದ.

"ನವಿಲಿಗೆ ಅಂಜಬ್ಯಾಡ್ರಿ ಅಜ್ಜಾರ, ಬ್ಯಾರೆ ಗಿಡಕ್ಕ ಹೋಗ್ರಿ!"

ಮಾವ ಬೇರೆ ಗಿಡಕ್ಕೆ ಹೋಗಿ, ಮರ್ಯಾದೆಗೆ ಬೇಕಾದಷ್ಟು ಹೊತ್ತು ಕೂತು ಬಂದ. "ಈಗ ಆರಾಮ ಆತಲ್ರೀ? ಇನ್ನರೆ ಹೇಳ್ರಿ, ಎಲ್ಲಿಗೆ?" ಮಾವ ಕೈ ಹಿಂದಕ್ಕೆ ಒಯ್ದದ್ದೇ ತಡ, ಇಡೀ ಬಸ್ಸು "ಮತ್ತ ಬಂತು!" ಎಂದು ಕೂಗಿತು. ಕಂಡಕ್ಟರ್ ಗಾಬರಿಯಲ್ಲಿ ಕೊನೇ ಸ್ಟಾಪಿನ ಟಿಕೆಟ್ ಹರಿದು ಕೊಟ್ಟ. ಬಂಕಾಪುರ ಬಂದಾಗ ಮಾವ ತಾನೇ ಇಳಿದ.

ಬೀಗರ ಮನೆಯಲ್ಲಿ ಅತ್ತೆ ಮಾತಾಡಿದಳು, ಮಾವ ನಗುತ್ತ ತಲೆಯಾಡಿಸಿದ. ಅರ್ಧ ತಾಸಿನಲ್ಲಿ ಸಂಬಂಧ ಕೂಡಿತು. "ಇಂಥಾ ಶಾಂತ ಮನಷ್ಯಾನ್ನ ನಾವು ನೋಡಿಲ್ಲ" ಎಂದರು ಬೀಗರು. ಅತ್ತೆ ಕಣ್ಣೊರೆಸಿಕೊಂಡಳು.

ಮರುದಿನ ಮಂಗಳವಾರ, ಮುಹೂರ್ತ ಕೇಳಲೆಂದು ಬೀಗರು ಫೋನ್ ಮಾಡಿದರು. ಎತ್ತಿದವನು ಮಾವ. ಕಂಡಕ್ಟರನಿಂದ ಹಿಡಿದು ಡ್ರೈವರ್, ಡಿಪೋ, ಸರ್ಕಾರದವರೆಗೆ ಯಾರನ್ನೂ ಬಿಡದೆ ಒಂದು ತಾಸು ಬೈದ. ಅವನು ಉಸಿರು ತಗೊಳ್ಳಲು ನಿಂತಾಗ ಬೀಗರು ಮೆಲ್ಲಗೆ ಅಂದರು:

"ಯಾವ ತಿಂಗಳಾದ್ರೂ ಅಡ್ಡಿ ಇಲ್ರಿ ಬೀಗರ. ಮದುವಿ ಮಾತ್ರ ಸೋಮವಾರನಽ ಇಡೂನು."