ಮುದ್ದೆ ಮುಗಿದರೂ ಏಳದ ಪಂಕ್ತಿ

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ವಿಜ್ಞಾನದ ಮೇಷ್ಟ್ರು. ಮಂಡಿ ಎಂಬುದು ಬಾಗಿಲ ಕೀಲಿನಂತೆ, ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿ, ನಡುವೆ ಎಣ್ಣೆಯಂಥ ದ್ರವ ಎಂದು ಮಕ್ಕಳಿಗೆ ಚಿತ್ರ ಬರೆದು ತೋರಿಸುತ್ತಿದ್ದವನು. ಆದ್ದರಿಂದ ನನ್ನದೇ ಮಂಡಿ ಊದಿಕೊಂಡಾಗ ಹೆದರಲಿಲ್ಲ. ಮೃದ್ವಸ್ಥಿ ಸವೆದಿದೆ, ಅಷ್ಟೇ. ಕಾರಣ ತಿಳಿದವನಿಗೆ ನೋವು ಮರ್ಯಾದೆ ಕೊಡುತ್ತದೆ ಎಂದು ನಂಬಿದ್ದೆ. ಕೊಡಲಿಲ್ಲ.

ಅದೇ ಹೊತ್ತಿಗೆ ಮಗಳು ರತ್ನಳಿಗೆ ಹೊಸದುರ್ಗದ ಕಡೆಯಿಂದ ಸಂಬಂಧ ಬಂತು. ಹುಡುಗನ ಫೋಟೊ ಅವಳಿಗೆ ಹಿಡಿಸಿತ್ತು. ಹುಡುಗನ ತಂದೆ ಬೀರಪ್ಪನವರು ಕುರಿ ವ್ಯಾಪಾರದವರು. ಸಂತೆಯಲ್ಲಿ ಕುರಿಯನ್ನು ನಡೆಸಿ, ಕಾಲು ಮಡಿಸಿ ನೋಡದೆ ಬೆಲೆಗೆ ಬಾಯಿಯೇ ಬಿಡುವುದಿಲ್ಲವಂತೆ. ಅಂಥವರು ಕುಂಟುವ ಅಪ್ಪನ ಮಗಳನ್ನು ಒಪ್ಪುತ್ತಾರೆಯೇ? ನನ್ನ ಮಂಡಿಯಿಂದ ಅವಳ ಮದುವೆ ಕೆಡಬಾರದು.

"ನೆಲದ ಮ್ಯಾಲೆ ಕುಂತ್ರೆ ನಿಮಗೆ ಏಳಾಕಾಗಲ್ಲ. ಕುರ್ಚಿ ಮ್ಯಾಲೆ ಕುಂತು ಉಣ್ರಿ," ಎಂದಳು ಹೆಂಡತಿ ಸಿದ್ದಮ್ಮ, ಅವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ.

"ಬೀಗರ ಮುಂದೆ ಕುರ್ಚಿನಾ? ಯಾಕೆ ಅಂತ ಕೇಳ್ತಾರೆ, ಸುಮ್ನಿರು."

ಅವಳು ಗೊಣಗುತ್ತಲೇ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಮಂಡಿಗೆ ಕಟ್ಟಿದಳು. ಮೇಲೆ ಪಂಚೆ ಇಳಿಬಿಟ್ಟೆ.

ಬೀರಪ್ಪನವರು ಮಗನೊಂದಿಗೆ ಬಂದು ಕೂತವರೇ ಮೂಗು ಅರಳಿಸಿದರು. "ಹರಳೆಣ್ಣೆ ವಾಸನೆ ಬರ್ತೈತಲ್ಲ ಮೇಷ್ಟ್ರೇ?"

"ಗಾಡಿ ಅಚ್ಚಿಗೆ ಹಾಕಿದ್ದೆ," ಎಂದೆ. ನಮ್ಮಲ್ಲಿ ಗಾಡಿ ಇರಲಿಲ್ಲ.

ಊಟಕ್ಕೆ ಕೂತೆವು. ಮುದ್ದೆ ಮುಗಿಯಿತು, ಅನ್ನ ಮುಗಿಯಿತು. ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ಹಿರಿಯರು ಬೀರಪ್ಪನವರು. ಅವರೆಲ್ಲ ಕೈ ತೊಳೆಯಲು ಹೋದ ಮೇಲೆ ಗೋಡೆ ಹಿಡಿದು ಏಳುವುದೆಂದು ಲೆಕ್ಕ ಹಾಕಿದ್ದೆ.

"ಏಳ್ರಿ ಮೇಷ್ಟ್ರೇ," ಎಂದರು ಅವರು.

"ಛೆ, ಹಿರಿಯರು ನೀವು."

"ಮನೆ ಯಜಮಾನ್ರು ನೀವು."

"ಹಂಗಾರೆ ಇನ್ನರ್ಧ ಮುದ್ದೆ ಹಾಕಿಸ್ಕಳ್ರಿ."

ಹಾಕಿಸಿಕೊಂಡರು. ಜೊತೆಗೆ ನಾನೂ ಉಣ್ಣಬೇಕಾಯಿತು. ಆಮೇಲೆ ಮತ್ತೆ ಅನ್ನ, ಮತ್ತೆ ಮಜ್ಜಿಗೆ. ಹುಡುಗ ಎಂಜಲು ಒಣಗಿದ ಕೈ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದ. ಸಿದ್ದಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ನನಗೆ ಮಾತ್ರ ಕಾಣುವಂತೆ ಖಾಲಿ ಪಾತ್ರೆ ಬೋರಲು ಹಾಕಿ ತೋರಿಸಿದಳು.

ಕೊನೆಗೆ ಬೀರಪ್ಪನವರು ನೆಲಕ್ಕೆ ಕೈಯೂರಿದರು. ಅರ್ಧ ಎದ್ದರು. "ಅಯ್ಯಪ್ಪಾ, ಮಂಡಿ," ಎಂದು ನನ್ನ ಮೇಲೆಯೇ ಒರಗಿದರು.

"ನಿಮಗೂನಾ?" ಎಂಬ ಮಾತು ನನ್ನ ಬಾಯಿಂದ ಜಾರಿತು. ಪಂಚೆಯೊಳಗಿನ ಎಕ್ಕದ ಎಲೆಯೂ ಜಾರಿ ಊಟದ ಎಲೆಗೆ ಬಂತು.

ಬೀರಪ್ಪನವರು ಅದನ್ನು ನೋಡಿದರು. "ನಾನೂ ಬೆಳಿಗ್ಗೆ ಇದನ್ನೇ ಕಟ್ಕಂಡಿದ್ದೆ. ನನ್ನ ವಾಸನೆ ನಿಮಗೆ ಬಡೀತೈತೇನೋ ಅಂತ ಮೊದ್ಲೇ ಕೇಳಿದ್ದು ಕಣ್ರಿ."

ಹುಡುಗ ತಡಮಾಡಲಿಲ್ಲ. ನನ್ನ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದ. ಆಮೇಲೆ ತನ್ನ ಅಪ್ಪನನ್ನು.

ಸಂಬಂಧ ಅಲ್ಲೇ ಗಟ್ಟಿಯಾಯಿತು. ಅವರು ಬಸ್ಸಿಗೆ ಹೊರಟ ಮೇಲೆ ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ಕೂತು, "ನಾನು ಮಾತಾಡಿದ ರೀತಿಗೆ ಒಪ್ಪಿದ್ರು, ನೋಡು," ಎಂದೆ.

"ಅವ್ರು ಒಪ್ಪಿದ್ದು ಯಾಕೋ ಗೊತ್ತಿಲ್ಲಪ್ಪ," ಎಂದಳು ರತ್ನ. "ಅವರಪ್ಪನಿಗಿಂತ ಮುಂಚೆ ನಿನ್ನ ಎಬ್ಬಿಸಿದ್ರಲ್ಲ, ನಾನು ಅದಕ್ಕೇ ಒಪ್ಕಂಡೆ."

ನನಗೆ ಕಣ್ಣು ತುಂಬಿ ಬಂತು. ಮಗಳಿಗೆ ಕಾಣಬಾರದೆಂದು ಎದ್ದು ಒಳಗೆ ಹೋಗಲು ನೋಡಿದೆ.

ಏಳಲಾಗಲಿಲ್ಲ.